ಹೊಗೆಯಲ್ಲಿ ಉಳಿದ ದನಗಳ ಲೆಕ್ಕ

2023ರ ಮಾರ್ಚ್ ತಿಂಗಳ ಎರಡನೆಯ ವಾರ. ಐಚ್ಛಿಕ ಕನ್ನಡದ ತರಗತಿಯಲ್ಲಿ ಖಾಂಡವವನ ದಹನದ ಪ್ರಸಂಗವನ್ನು ಪಾಠ ಮಾಡುತ್ತಿದ್ದೆ. ಹೊರಗೆ, ಘಟ್ಟದ ಕಡೆಯ ಆಕಾಶ ಮಾಸಿದ ಬಟ್ಟೆಯಂತಿತ್ತು. ಮೂರು ದಿನ ಗೈರುಹಾಜರಾಗಿದ್ದ ವಿದ್ಯಾರ್ಥಿನಿಯೊಬ್ಬಳು ಅಂದು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ಅವಳ ತಂದೆ ಬಾಗಲಕೋಟೆಯ ಸೀಮೆಯಿಂದ ಬಂದು ಸತ್ತರಿ ತಾಲ್ಲೂಕಿನ ವಾಳಪೈ ಸಮೀಪದ ಹಳ್ಳಿಯೊಂದರಲ್ಲಿ ಎಮ್ಮೆ ಕಟ್ಟಿ ಹಾಲು ಮಾರುವವರು. ಗೈರುಹಾಜರಿಗೆ ಕಾರಣ ಕೇಳಿದೆ. “ಗುಡ್ಡದಾಗಿನ ಹುಲ್ಲೆಲ್ಲಾ ಸುಟ್ಟ ಹೋತ್ರಿ ಸರ. ಎಮ್ಮಿ ಕೆಮ್ಮಾಕತ್ತಾವ್ರಿ” ಎಂದಳು. ತರಗತಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಮ್ಮೆ ಕೆಮ್ಮುವುದು ಅವರಿಗೆ ತಮಾಷೆಯ ಸಂಗತಿಯಾಗಿ ಕೇಳಿರಬೇಕು. ನನಗೂ ಆಗ ಅದರ ಪೂರ್ತಿ ಅರ್ಥವಾಗಲಿಲ್ಲ. ಪಾಠ ಮುಂದುವರಿಸಿದೆ.

ಮೇ ತಿಂಗಳಲ್ಲಿ ಪರೀಕ್ಷೆಯ ಅರ್ಜಿಗೆ ಸಹಿ ಹಾಕಿಸಿಕೊಳ್ಳಲು ಬಂದವಳು, ಹನ್ನೊಂದು ಎಮ್ಮೆಗಳಲ್ಲಿ ಒಂದೂ ಬೆಂಕಿಯಲ್ಲಿ ಸಾಯಲಿಲ್ಲವೆಂದೂ, ಆದರೆ ನಾಲ್ಕನ್ನು ಅಪ್ಪ ಎರಡು ವಾರದೊಳಗೆ ದಲಾಲನಿಗೆ ಸಿಕ್ಕ ಬೆಲೆಗೆ ಕೊಟ್ಟರೆಂದೂ ಹೇಳಿದಳು. ಹೋಗುವಾಗ ಒಂದು ಪ್ರಶ್ನೆ ಕೇಳಿದಳು: “ಸತ್ತಿದ್ರ ಸರಕಾರದಾಗ ಬರಕೋತಿದ್ರಂತರಿ. ಇವು ಸಾಯಲಿಲ್ಲ. ಇವುಗಳ ಲೆಕ್ಕಾ ಎಲ್ಲಿ ಬರೀತಾರ್ರಿ ಸರ?”

ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ. ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಕಾಳ್ಗಿಚ್ಚು, ದನ, ಮಾಂಸಗಳ ವಿಷಯವೇಕೆ ಎಂದು ಕೆಲವರಾದರೂ ಹುಬ್ಬೇರಿಸಿಯಾರು. ಓದುತ್ತ ಹೋದಂತೆ ಅದಕ್ಕೂ ಸಮಾಧಾನ ದೊರೆತೀತು ಎಂದು ನಂಬಿದ್ದೇನೆ.

ಮೊದಲು ಆ ಬೆಂಕಿಯ ವಿಷಯ. 2023ರ ಫೆಬ್ರವರಿ, ಹಗಲಿನ ಗರಿಷ್ಠ ಉಷ್ಣಾಂಶದ ಸರಾಸರಿಯಲ್ಲಿ 1901ರಿಂದೀಚೆಗೆ ಭಾರತ ಕಂಡ ಅತ್ಯಂತ ಬಿಸಿಯಾದ ಫೆಬ್ರವರಿ ಎಂದು ಹವಾಮಾನ ಇಲಾಖೆ ಹೇಳಿತು. ಮಾರ್ಚ್ ಮೊದಲ ವಾರದಲ್ಲಿ ಗೋವೆಯ ಮಹದಾಯಿ ವನ್ಯಜೀವಿಧಾಮದ ಸುರ್ಲಾ ಭಾಗದಲ್ಲಿ ಕಾಣಿಸಿದ ಬೆಂಕಿ ದಿನಕ್ಕೊಂದು ಹೊಸ ಗುಡ್ಡಕ್ಕೆ ಹಬ್ಬಿತು. ನಡೆದು ಹೋಗಲಾಗದ ಕಡಿದಾದ ಇಳಿಜಾರುಗಳಿಗೆ ನೌಕಾಪಡೆಯ ಮತ್ತು ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ತೊಟ್ಟಿಗಳಲ್ಲಿ ನೀರು ತಂದು ಸುರಿದವು. 208 ಚದರ ಕಿಲೋಮೀಟರಿನ ಈ ವನ್ಯಜೀವಿಧಾಮ 1999ರಲ್ಲಿ ಘೋಷಿತವಾದುದು. ಅದರ ಗಡಿಗೆ ತಾಗಿದಂತೆ ನಮ್ಮ ಬೆಳಗಾವಿ ಜಿಲ್ಲೆಯ ಭೀಮಗಡ ವನ್ಯಜೀವಿಧಾಮವಿದೆ. ನಕಾಶೆಯಲ್ಲಿ ಎರಡು ರಾಜ್ಯ, ನೆಲದ ಮೇಲೆ ಒಂದೇ ಕಾಡು.

ಆ ಕಾಡಿನ ಅಂಚಿನಲ್ಲೇ, ಖಾನಾಪುರ ತಾಲ್ಲೂಕಿನಲ್ಲಿ, ನನ್ನ ಬಾಲ್ಯ ಕಳೆಯಿತು. ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಶಾಲೆ, ಆಮೇಲೆ ಕನ್ನಡ ಶಾಲೆ. ಬೇಸಿಗೆಯ ರಾತ್ರಿ ದೂರದ ಗುಡ್ಡದ ಮೇಲೆ ಕೆಂಪು ಗೆರೆಯೊಂದು ಹರಿದಾಡಿದರೆ ಅಜ್ಜಿ ಅಂಗಳಕ್ಕೆ ಬಂದು “ವಣವಾ ಪೇಟಲಾ” ಎನ್ನುತ್ತಿದ್ದಳು. ಕನ್ನಡ ಶಾಲೆಯಲ್ಲಿ ಅದೇ ವಣವಾ ಕಾಳ್ಗಿಚ್ಚಾಯಿತು, ಕಾಲೇಜಿನಲ್ಲಿ ದಾವಾನಲವಾಯಿತು. ಹೆಸರು ಹಿರಿದಾಗುತ್ತ ಹೋದಂತೆ ಬೆಂಕಿ ನನ್ನಿಂದ ದೂರವಾಗುತ್ತ ಹೋಯಿತು. ಅಜ್ಜಿಯ ವಣವಾ ಎಂಬ ಮಾತಿನ ಹಿಂದೆ ಮಾತ್ರ ಯಾವಾಗಲೂ ಒಂದು ಚಿಂತೆ ಇರುತ್ತಿತ್ತು: ನಮಗೆ ಬೆಣ್ಣೆ ತಂದುಕೊಡುವ ಧನಗರ ಗವಳಿಗಳ ಎಮ್ಮೆಗಳು ಈಗ ಎಲ್ಲಿರಬಹುದು?

ಈ ಗವಳಿಗಳು ಸಹ್ಯಾದ್ರಿಯ ಮೇಲೂ ಕೆಳಗೂ ಹರಡಿರುವ ಪಶುಪಾಲಕರು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಂಚಿನಲ್ಲಿ ಅವರ ದೊಡ್ಡಿಗಳಿವೆ. ಗೋವೆಯ ಸತ್ತರಿ, ಸಾಂಗೆ, ಕಾಣಕೋಣಗಳಲ್ಲೂ ಅವರ ಮನೆಗಳಿವೆ. ಮನೆಯಲ್ಲಿ ಮರಾಠಿಯ ಒಂದು ಬಗೆ, ಸಂತೆಯಲ್ಲಿ ಕನ್ನಡ ಇಲ್ಲವೆ ಕೊಂಕಣಿ. ಇವರೊಂದಿಗೆ ಈಚಿನ ದಶಕಗಳಲ್ಲಿ ನಮ್ಮ ವಿದ್ಯಾರ್ಥಿನಿಯ ತಂದೆಯಂಥ ಕನ್ನಡದ ವಲಸಿಗರೂ ಸೇರಿಕೊಂಡಿದ್ದಾರೆ. ಮಳೆ ನಿಂತ ಮೇಲೆ ಗುಡ್ಡದಲ್ಲಿ ಒಣಗುವ ‘ಕರಡ’ವೇ ಇವರ ದನಗಳಿಗೆ ಜೂನ್ ತಿಂಗಳವರೆಗೂ ಆಧಾರ. ಮಾರ್ಚಿಯಲ್ಲಿ ಕರಡ ಸುಟ್ಟರೆ ಮುಂದಿನ ಹುಲ್ಲು ಮುಂಗಾರಿನ ಹುಲ್ಲೇ. ನಡುವೆ ಮೂರು ತಿಂಗಳು.

ಬೆಂಕಿ ಆರಿದ ಮೇಲೆ ಏನೇನು ಎಣಿಸಲಾಗುತ್ತದೆ ಎಂಬುದನ್ನು ಗಮನಿಸಿ. ಎಷ್ಟು ಹೆಕ್ಟೇರ್ ಸುಟ್ಟಿತು, ಎಷ್ಟು ಕಡೆ ಕಿಡಿ ಕಂಡಿತು, ಹೆಲಿಕಾಪ್ಟರು ಎಷ್ಟು ಲೀಟರ್ ನೀರು ಸುರಿಯಿತು, ಹುಲಿ ಚಿರತೆಗಳಿಗೆ ಅಪಾಯವಾಯಿತೇ. ಈ ಎಣಿಕೆ ಬೇಕಾದುದೇ. ಆದರೆ ಹೊಗೆಯೊಳಗೆ ಐದಾರು ದಿನ ನಿಂತು, ಜೀವ ಉಳಿಸಿಕೊಂಡು ಹೊರಬಂದ ಸಾಕುದನ ಯಾವ ಕಾಲಮ್ಮಿಗೂ ಸೇರುವುದಿಲ್ಲ. ಅದು ಸತ್ತಿಲ್ಲ, ಆದ್ದರಿಂದ ನಷ್ಟವಲ್ಲ. ಅದು ಕಾಡುಪ್ರಾಣಿಯಲ್ಲ, ಆದ್ದರಿಂದ ಸುದ್ದಿಯೂ ಅಲ್ಲ.

ಇಲ್ಲಿಯೇ ನಾನು ಅಂದು ಪಾಠ ಮಾಡುತ್ತಿದ್ದ ಪ್ರಸಂಗ ನೆನಪಾಗುವುದು. 941ರಲ್ಲಿ ಪಂಪ ಬರೆದ ವಿಕ್ರಮಾರ್ಜುನ ವಿಜಯದಲ್ಲೂ, ಅನಂತರ ಕುಮಾರವ್ಯಾಸನ ಭಾರತದಲ್ಲೂ ಖಾಂಡವ ಉರಿಯುತ್ತದೆ. ನಾವು ಅಲ್ಲಿ ಅಗ್ನಿಯ ಹಸಿವನ್ನೂ ಅರ್ಜುನನ ಬಿಲ್ಲುಗಾರಿಕೆಯನ್ನೂ ಕವಿಯ ವರ್ಣನಾಸಾಮರ್ಥ್ಯವನ್ನೂ ಗುರುತಿಸಿ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆಯುತ್ತೇವೆ. ವ್ಯಾಸಭಾರತ ಒಂದು ಕೆಲಸವನ್ನು ತಪ್ಪದೆ ಮಾಡಿದೆ: ಉಳಿದವರನ್ನು ಎಣಿಸಿದೆ. ತಕ್ಷಕನ ಮಗ ಅಶ್ವಸೇನ, ಶಿಲ್ಪಿಯಾದ ಮಯ, ನಾಲ್ಕು ಶಾರ್ಙ್ಗಕ ಪಕ್ಷಿಗಳು, ಒಟ್ಟು ಆರು. ಅವರಿಗಾಗಿ ಕತೆ ಮುಂದೆ ಜಾಗ ಬಿಡುತ್ತದೆ. ಮಯ ಸಭೆಯನ್ನು ಕಟ್ಟುತ್ತಾನೆ, ಆ ಸಭೆ ದುರ್ಯೋಧನನ ಅಸೂಯೆಯನ್ನು ಕೆರಳಿಸುತ್ತದೆ. ಅಶ್ವಸೇನ ಕರ್ಣನ ಬಾಣವನ್ನು ಸೇರಿ ಅರ್ಜುನನ ಕೊರಳಿಗೇ ಗುರಿಯಿಡುತ್ತಾನೆ. ಬೆಂಕಿಯಿಂದ ಪಾರಾದವರ ಕತೆ ಬೆಂಕಿಯೊಂದಿಗೆ ಮುಗಿಯುವುದಿಲ್ಲ ಎಂಬುದು ನಮ್ಮ ಕಾವ್ಯಪರಂಪರೆಗೆ ಗೊತ್ತಿದ್ದ ಸತ್ಯ. ನಮ್ಮ ಕಂದಾಯದ ಕಡತಗಳಿಗೆ ಅದು ಇನ್ನೂ ಗೊತ್ತಾಗಿಲ್ಲ.

ಹಾಗಾದರೆ ಪಾರಾದ ದನದ ಕತೆ ಹೇಗೆ ಮುಂದುವರಿಯುತ್ತದೆ? ಪಶುವೈದ್ಯರೂ ಮಾಂಸವಿಜ್ಞಾನಿಗಳೂ ಬರೆದುದನ್ನು ಓದಿ, ಗೆಳೆಯರಾದ ಪಶುವೈದ್ಯರೊಬ್ಬರನ್ನು ಕೇಳಿ ತಿಳಿದುದನ್ನು ಸರಳವಾಗಿ ಹೇಳುತ್ತೇನೆ.

ಕಾಳ್ಗಿಚ್ಚಿನ ಹೊಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೂ ಕಾರ್ಬನ್ ಮಾನಾಕ್ಸೈಡಿನಂಥ ಅನಿಲಗಳೂ ಇರುತ್ತವೆ. ಆ ಅನಿಲ ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ಕಣಗಳು ಶ್ವಾಸನಾಳದ ಒಳಪದರವನ್ನು ಕೆರಳಿಸಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ದೇಹದ ಗಾತ್ರಕ್ಕೆ ಹೋಲಿಸಿದರೆ ದನದ ಶ್ವಾಸಕೋಶದ ಸಾಮರ್ಥ್ಯ ಕುದುರೆಯದಕ್ಕಿಂತ ಕಡಿಮೆ. ಆದುದರಿಂದ ಪೆಟ್ಟನ್ನು ತಾಳಿಕೊಳ್ಳುವ ಶಕ್ತಿಯೂ ಕಡಿಮೆ. ಒಳಪದರ ಗಾಯಗೊಂಡಾಗ ರೋಗಾಣುಗಳಿಗೆ ದಾರಿ ಸುಲಭವಾಗಿ, ಹೊಗೆ ಕರಗಿದ ಎಷ್ಟೋ ದಿನಗಳ ಮೇಲೆ ನ್ಯುಮೋನಿಯಾ ಕಾಣಿಸಿಕೊಳ್ಳಬಹುದು. ನಮ್ಮ ವಿದ್ಯಾರ್ಥಿನಿ ಹೇಳಿದ ಕೆಮ್ಮು ಈ ಕತೆಯ ಮೊದಲ ವಾಕ್ಯ. ಹೊಗೆ ಸರಿದ ಮೇಲೂ ನಾಲ್ಕರಿಂದ ಆರು ವಾರ ದನವನ್ನು ದಣಿಸಬಾರದು, ಓಡಿಸಬಾರದು, ದೂರ ಸಾಗಿಸಬಾರದು ಎಂಬುದು ತಜ್ಞರ ಸಲಹೆ. ಶ್ವಾಸನಾಳ ಮಾಯಲು ಅಷ್ಟು ಕಾಲ ಬೇಕು.

ಸುಟ್ಟ ಗಾಯಗಳದ್ದು ಇನ್ನೊಂದು ಅಧ್ಯಾಯ. ಕಾದ ಬೂದಿಯ ಮೇಲೆ ನಡೆದ ದನದ ಗೊರಸು ಹೊರಗೆ ಸರಿಯಾಗಿಯೇ ಕಂಡು, ಗೊರಸೂ ಚರ್ಮವೂ ಕೂಡುವ ಅಂಚು ಬೆಂದಿದ್ದರೆ, ಕೆಲವು ದಿನಗಳ ಮೇಲೆ ಸಡಿಲವಾಗಿ ಕಳಚಿ ಬರಬಹುದು. ಕೆಚ್ಚಲು ಬೆಂದ ಎಮ್ಮೆ ಕರುವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಕರೆಯಲೂ ಕೊಡುವುದಿಲ್ಲ. ಕೆಚ್ಚಲಬಾವು ಬಂದರೆ ಹಾಲು ಹೋದಂತೆಯೇ. ಎಮ್ಮೆಯ ಚರ್ಮ ಕಪ್ಪು, ಬೆವರಿನ ಗ್ರಂಥಿಗಳು ಕಡಿಮೆ. ಹೊಂಡದ ನೀರೇ ಅದರ ತಂಪು. ಬೂದಿ ಬಿದ್ದು ಹೊಂಡ ಕೆಟ್ಟರೆ ಅದಕ್ಕೆ ಬಿಸಿಲೂ ಎರಡನೆಯ ಬೆಂಕಿಯಾಗುತ್ತದೆ.

ಇನ್ನು ಮಾಂಸದ ವಿಷಯ. ನಾನು ಮಾಂಸ ತಿನ್ನುವವನಲ್ಲ. ತಿನ್ನುವವರ ತಟ್ಟೆಯನ್ನು ಹೊರಗಿನಿಂದ ಅಳೆಯುವ ಅಧಿಕಾರ ನನಗಿದೆ ಎಂದೂ ಭಾವಿಸಿಲ್ಲ. ಆದರೆ ಹಾಲು ಬತ್ತಿದ ಎಮ್ಮೆ, ದುಡಿಯಲಾರದ ಕೋಣ, ಗಂಡುಗರು ಕೊನೆಗೆ ಮಾಂಸದ ಮಾರುಕಟ್ಟೆಯನ್ನೇ ಸೇರುತ್ತವೆ ಮತ್ತು ಆ ಬೆಲೆಯೇ ಸಾಕಿದವನ ಕೈಗೆ ಬರುವ ಕೊನೆಯ ಹಣ ಎಂಬುದನ್ನು ಮರೆಮಾಚಿ ಪಶುಪಾಲನೆಯ ಬಗ್ಗೆ ಮಾತಾಡುವುದು ಪ್ರಾಮಾಣಿಕವಲ್ಲ.

ಜೀವಂತ ಪ್ರಾಣಿಯ ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನಿರುತ್ತದೆ. ವಧೆಯ ಅನಂತರ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡುತ್ತದೆ. ಸ್ನಾಯುವಿನ ಪಿ.ಎಚ್. ಮಟ್ಟ ಸುಮಾರು 7ರಿಂದ ಒಂದು ದಿನದ ಅವಧಿಯಲ್ಲಿ 5.5ರ ಆಸುಪಾಸಿಗೆ ಇಳಿಯುತ್ತದೆ. ಮಾಂಸಕ್ಕೆ ತಿಳಿಗೆಂಪು ಬಣ್ಣ ಬರುವುದೂ, ಅದು ಬೇಗ ಕೆಡದಿರುವುದೂ ಈ ಹುಳಿಯಿಂದ. ಭಯ, ಓಟ, ಹಸಿವು, ಬಾಯಾರಿಕೆ, ಉಸಿರಿನ ಸಂಕಟಗಳಲ್ಲಿ ದಿನಗಳನ್ನು ಕಳೆದ ದನ ಆ ದಾಸ್ತಾನನ್ನು ಬದುಕುವುದಕ್ಕಾಗಿಯೇ ಖರ್ಚು ಮಾಡಿರುತ್ತದೆ. ಒಳ್ಳೆಯ ಮೇವು ತಿಂದು ವಿಶ್ರಮಿಸಿದರೂ ಅದು ತುಂಬಿಕೊಳ್ಳಲು ಹಲವು ದಿನ ಬೇಕು. ಅಷ್ಟರೊಳಗೆ ಲಾರಿ ಹತ್ತಿಸಿದರೆ ಹುಳಿಯಾಗಲು ಸ್ನಾಯುವಿನಲ್ಲಿ ಏನೂ ಉಳಿದಿರುವುದಿಲ್ಲ. ಪಿ.ಎಚ್. 6ರ ಮೇಲೆಯೇ ನಿಲ್ಲುತ್ತದೆ. ಆಗ ಮಾಂಸ ಕಪ್ಪಾಗಿ, ಬಿಗಿಯಾಗಿ, ಮೇಲೆ ಒಣಗಿದಂತೆ ಕಾಣುತ್ತದೆ. ರೋಗಾಣುಗಳು ಬೇಗ ಬೆಳೆಯುವುದರಿಂದ ಬೇಗ ಹಳಸುತ್ತದೆ. ಕೊಳ್ಳುವವನು ಅದನ್ನು ಮುದಿದನದ ಮಾಂಸವೆಂದು ತಳ್ಳಿಹಾಕುತ್ತಾನೆ. ಅದಕ್ಕೆ ಹೊಗೆಯ ವಾಸನೆ ಹತ್ತಿರಬೇಕೆಂದೇನೂ ಇಲ್ಲ. ಬೆಂಕಿ ಅಲ್ಲಿ ಬಣ್ಣವಾಗಿ ಕುಳಿತಿರುತ್ತದೆ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಸುಟ್ಟ ಗಾಯಕ್ಕೂ ನ್ಯುಮೋನಿಯಾಕ್ಕೂ ಪ್ರತಿಜೈವಿಕ ಔಷಧ ಕೊಡುತ್ತಾರೆ. ಪ್ರತಿ ಔಷಧಕ್ಕೂ ಇಂತಿಷ್ಟು ದಿನ ಹಾಲನ್ನೂ ಮಾಂಸವನ್ನೂ ಬಳಸಬಾರದೆಂಬ ವಿರಾಮಾವಧಿ ಇರುತ್ತದೆ. ಮೇವಿಲ್ಲದ ಮನೆಯಲ್ಲಿ ಆ ದಿನಗಳನ್ನು ಕಾಯುವವರು ಯಾರು? ಔಷಧ ಹಾಕಿದ ದನವೇ ಮೊದಲು ಮಾರಾಟವಾಗುತ್ತದೆ. ಏಕೆಂದರೆ ಅದೇ ಸಾಕಿದವನಿಗೆ ದೊಡ್ಡ ಹೊರೆ. ಹೀಗೆ ಗುಡ್ಡದ ಬೆಂಕಿ, ಗುಡ್ಡವನ್ನೇ ಕಾಣದವರ ತಟ್ಟೆಗೂ ಹೋಗಿ ಮುಟ್ಟುತ್ತದೆ. ವಧೆಗೆ ಮುಂಚೆ ಮತ್ತು ಅನಂತರ ಪಶುವೈದ್ಯರು ಪರೀಕ್ಷಿಸಬೇಕೆಂಬ ನಿಯಮ ನಮ್ಮಲ್ಲಿದೆ. ಕಪ್ಪುಗಟ್ಟಿದ ಶ್ವಾಸಕೋಶ ಅಲ್ಲಿ ಕಣ್ಣಿಗೆ ಬಿದ್ದೀತು. ಆದರೆ ಈ ದನ ಯಾವ ಗುಡ್ಡದಿಂದ ಬಂತು, ಯಾವ ಔಷಧ ಪಡೆದಿತ್ತು ಎಂಬುದನ್ನು ಹೇಳುವ ಕಾಗದ ಅದರ ಜೊತೆ ಬಂದಿರುವುದಿಲ್ಲ.

ಗೋವೆಯ ಮಾರುಕಟ್ಟೆಯ ಸ್ವರೂಪವನ್ನೂ ಇಲ್ಲಿ ನೆನೆಯಬೇಕು. ಇಲ್ಲಿ 1978ರ ಕಾಯ್ದೆಯಂತೆ ಗೋಹತ್ಯೆ ನಿಷಿದ್ಧ. ಎತ್ತು, ಹೋರಿ, ಎಮ್ಮೆ, ಕೋಣಗಳ ವಧೆಯನ್ನು 1995ರ ಕಾಯ್ದೆ ನಿಯಂತ್ರಿಸುತ್ತದೆ. ಫೋಂಡಾ ತಾಲ್ಲೂಕಿನ ಉಸಗಾಂವದಲ್ಲಿ ಸರ್ಕಾರದ ಮಾಂಸ ಸಂಕೀರ್ಣವಿದೆ. ಗೋವೆಯವರು ಉಣ್ಣುವ ಬೀಫ್‌ನ ದೊಡ್ಡ ಪಾಲು ಬಹುಕಾಲ ಬೆಳಗಾವಿಯ ಕಡೆಯಿಂದಲೇ ಬರುತ್ತಿತ್ತು. ಕರ್ನಾಟಕದ 2020ರ ಕಾಯ್ದೆ ಹಸು, ಎತ್ತು, ಹೋರಿ, ಕರುಗಳ ಜೊತೆಗೆ 13 ವರ್ಷದೊಳಗಿನ ಎಮ್ಮೆ ಕೋಣಗಳ ವಧೆಯನ್ನೂ ನಿಷೇಧಿಸಿದಾಗ ಇಲ್ಲಿ ಬೀಫ್ ಅಭಾವದ ಕೂಗೆದ್ದಿತು. ಆ ಕಾಯ್ದೆಯ ಸರಿತಪ್ಪುಗಳ ಚರ್ಚೆಗೆ ಇದು ವೇದಿಕೆಯಲ್ಲ. ನನ್ನ ಕಾಳಜಿ ಇಷ್ಟೇ: ಘಟ್ಟದ ಮೇಲೆ ಕಾಳ್ಗಿಚ್ಚಿನಿಂದ ಮೇವು ಕಳೆದುಕೊಂಡವನು ತನ್ನ ದನವನ್ನು ಮಾರಲಾರ, ಸಾಕಲೂ ಆರ. ಘಟ್ಟದ ಕೆಳಗೆ ಅದೇ ಬೆಂಕಿಯಿಂದ ಮೇವು ಕಳೆದುಕೊಂಡವನು ಬೇಗ ಮಾರಿ ಅರ್ಧ ಬೆಲೆ ಪಡೆಯುತ್ತಾನೆ. ಎರಡೂ ಕಡೆ ಅದು ಬರೆಯದೆ ಉಳಿಯುವ ನಷ್ಟ.

ನಮ್ಮ ವಿಪತ್ತು ಪರಿಹಾರದ ಮಾನದಂಡದಲ್ಲಿ ಬೆಂಕಿಯೂ ಒಂದು ವಿಪತ್ತು. 2022ರಿಂದ 2026ರ ಅವಧಿಗೆ ನಿಗದಿಯಾದಂತೆ ಸತ್ತ ಹಸು ಎಮ್ಮೆಗೆ ತಲಾ 37,500 ರೂಪಾಯಿ. ಸತ್ತದ್ದಕ್ಕೆ ಬೆಲೆಯಿದೆ, ಕೆಮ್ಮುವುದಕ್ಕಿಲ್ಲ. ವಿದ್ಯಾರ್ಥಿನಿ ಹೇಳಿದ ಮಾತು ಅಕ್ಷರಶಃ ಸರಿಯಾಗಿತ್ತು. ಬೇರೆ ದೇಶಗಳಲ್ಲಿ ಹೀಗೆಯೇ ಇದೆಯೇ ಎಂದು ನೋಡಿದೆ. 2024ರ ಫೆಬ್ರವರಿ 26ರಂದು ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಹೊತ್ತಿಕೊಂಡ ಹುಲ್ಲುಗಾವಲಿನ ಬೆಂಕಿ 10 ಲಕ್ಷ ಎಕರೆಗೂ ಹೆಚ್ಚು ನೆಲವನ್ನು ಸುಟ್ಟಿತು. 7,000ಕ್ಕೂ ಹೆಚ್ಚು ದನಗಳು ಸತ್ತವೆಂದು ಅಂದಾಜಾಯಿತು. ಆ ದೇಶದ ಜಾನುವಾರು ನಷ್ಟಭರ್ತಿ ಯೋಜನೆಯಲ್ಲಿ ಸತ್ತ ದನಕ್ಕೆ ಹಣವಿರುವಂತೆಯೇ, ವಿಪತ್ತಿನಲ್ಲಿ ಗಾಯಗೊಂಡು ಕಡಿಮೆ ಬೆಲೆಗೆ ಮಾರಾಟವಾದ ದನಕ್ಕೂ ಪರಿಹಾರವುಂಟು. ಅಲ್ಲಿನ ದನಗಾಹಿ ಸಾವಿರಾರು ಎಕರೆಯ ಒಡೆಯ, ನಮ್ಮವನು ಹನ್ನೊಂದು ಎಮ್ಮೆಯವನು, ಹೋಲಿಕೆಗೆ ಮಿತಿಯಿದೆ. ಆದರೆ ‘ಉಳಿದರೂ ನಷ್ಟವಾಗಿದೆ’ ಎಂಬ ತಿಳಿವಳಿಕೆಯನ್ನು ನಿಯಮದ ಭಾಷೆಗೆ ತರಬಹುದು ಎಂಬುದಕ್ಕೆ ಇದು ಸಾಕ್ಷಿ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಕಾಡಿಗೆ ಬೆಂಕಿ ಇಡುವವರಲ್ಲಿ ದನ ಕಾಯುವವರೂ ಇದ್ದಾರಲ್ಲವೇ, ಮೊದಲ ಮಳೆಗೆ ಎಳೆ ಹುಲ್ಲು ಚಿಗುರಲೆಂದು ಹಳೆ ಕರಡಕ್ಕೆ ಕಿಡಿ ತಾಗಿಸುವುದು ಅವರದೇ ಪದ್ಧತಿಯಲ್ಲವೇ ಎಂದು ಕೇಳುತ್ತಾರೆ. ಕೇಳಬೇಕಾದ ಮಾತೇ. ಗೇರುತೋಟದವರು ಹಣ್ಣು ಉದುರುವ ಮೊದಲು ಅಡಿಯ ಕಸ ಸುಡುವುದೂ, ಹಿಂದೆ ಗುಡ್ಡ ಸುಟ್ಟು ರಾಗಿ ಬಿತ್ತುತ್ತಿದ್ದ ಕುಮರಿ ಬೇಸಾಯವೂ ಈ ಸೀಮೆಗೆ ಹೊಸವಲ್ಲ. ಆದರೆ ಯಾರೋ ಒಬ್ಬ ಇಟ್ಟ ಕಿಡಿಗೆ ಇಡೀ ಸಮುದಾಯದ ದನಗಳು ಉತ್ತರ ಕೊಡಬೇಕೆನ್ನುವುದು ನ್ಯಾಯವಲ್ಲ. ಇನ್ನೊಂದು ದೃಷ್ಟಿಯಿಂದ ನೋಡಿದರೆ, ಬೆಂಕಿಯಿಂದ ತನ್ನ ದನಕ್ಕೂ ಅದರ ಮಾರಾಟದ ಬೆಲೆಗೂ ಎಷ್ಟು ಹಾನಿ ಎಂಬುದು ಸಾಕಿದವನಿಗೆ ಲೆಕ್ಕದಲ್ಲಿ ಸ್ಪಷ್ಟವಾದರೆ, ಕಿಡಿ ಇಡುವ ಕೈಯನ್ನು ಮೊದಲು ತಡೆಯುವವನು ಅವನೇ ಆಗಿರುತ್ತಾನೆ.

ಲೆಕ್ಕವಿಲ್ಲದ ನಷ್ಟ ಹೇಗೆ ಹಗೆಯಾಗಿ ಮಾರ್ಪಡುತ್ತದೆ ಎಂಬುದನ್ನು ಇದೇ ಮಹದಾಯಿ ಕಾಡು 2020ರ ಜನವರಿಯಲ್ಲಿ ತೋರಿಸಿದೆ. ಗೊಳಾವಳಿ ಎಂಬಲ್ಲಿ ಒಂದು ಹೆಣ್ಣು ಹುಲಿ, ಅದರ ಮೂರು ಮರಿಗಳು ವಿಷದಿಂದ ಸತ್ತುಬಿದ್ದವು. ಹುಲಿ ದನವನ್ನು ಹಿಡಿದ ಸಿಟ್ಟು ಅದರ ಹಿಂದಿತ್ತೆಂದು ವರದಿಯಾಯಿತು. ಆ ಕೃತ್ಯಕ್ಕೆ ಸಮರ್ಥನೆಯಿಲ್ಲ. ಆದರೆ ದನ ಕಳೆದುಕೊಂಡವನ ಮಾತನ್ನು ಸಕಾಲದಲ್ಲಿ ಕೇಳುವ ಕಿವಿ ಇಲ್ಲದ ಕಡೆ ಕಾಡು ಸುರಕ್ಷಿತವಾಗಿರುವುದಿಲ್ಲ ಎಂಬ ಪಾಠವನ್ನು ನಾವು ಕಲಿಯಬೇಕಿತ್ತು. ಅಶ್ವಸೇನನ ಕತೆಯೂ ಅದನ್ನೇ ಹೇಳುತ್ತದೆ.

ಆಗಬೇಕಾದುದು ದೊಡ್ಡ ಕೆಲಸವೇನೂ ಅಲ್ಲ. ಬೆಂಕಿ ಬಿದ್ದ ವಾರದೊಳಗೆ ಪಶುವೈದ್ಯರು ಹೊಗೆ ಆವರಿಸಿದ ಹಳ್ಳಿಗಳ ದನಗಳನ್ನು ನೋಡಿ, ಕಿವಿಯ ಓಲೆಯ ಸಂಖ್ಯೆಯ ಮುಂದೆ ಅದರ ಸ್ಥಿತಿಯನ್ನೂ ಕೊಟ್ಟ ಔಷಧವನ್ನೂ ಬರೆಯಬೇಕು. ಆ ಬರಹ ದನದೊಂದಿಗೆ ಮಾರುಕಟ್ಟೆಯವರೆಗೂ ಹೋಗಬೇಕು. ಪರಿಹಾರ ನಿಯಮಗಳಲ್ಲಿ ಜಾನುವಾರು ಶಿಬಿರಕ್ಕೆ, ಅಲ್ಲಿನ ಮೇವು ನೀರು ಔಷಧಗಳಿಗೆ ಈಗಾಗಲೇ ಅವಕಾಶವಿದೆ. ಬರಗಾಲದಲ್ಲಿ ತೆರೆಯುವಂತೆ ಕಾಳ್ಗಿಚ್ಚಿನ ಅನಂತರವೂ ಮುಂಗಾರಿನವರೆಗೆ ಅದನ್ನು ತೆರೆದರೆ, ನಾಲ್ಕಾರು ವಾರದ ವಿಶ್ರಾಂತಿ ದನಕ್ಕೆ ತಾನಾಗಿಯೇ ಸಿಗುತ್ತದೆ. ಸಾಕಿದವನು ಅವಸರದಲ್ಲಿ ಮಾರಬೇಕಾಗುವುದಿಲ್ಲ. ತಿನ್ನುವವನಿಗೂ ಒಳ್ಳೆಯ ಮಾಂಸ ಸಿಗುತ್ತದೆ. ಗಾಯದಿಂದ ಬೆಲೆ ತಗ್ಗಿದ ದನಕ್ಕೆ ಅಂತರದ ಹಣ ಕೊಡುವ ನಿಯಮವನ್ನೂ ಸೇರಿಸಬೇಕು. ಬೇಸಿಗೆಗೆ ಮುನ್ನ ಬೆಂಕಿರೇಖೆ ಕಡಿಯುವ ಕೂಲಿಯಲ್ಲಿ ಗವಳಿಗಳಿಗೆ ಮೊದಲ ಪಾಲು ಕೊಟ್ಟರೆ, ಕಾಡಿನ ಕಾಲುದಾರಿಗಳನ್ನೆಲ್ಲ ಬಲ್ಲವರೇ ಅದರ ಕಾವಲಿಗೂ ನಿಂತಂತಾಗುತ್ತದೆ.

ಈಗ ಕನ್ನಡ ವಿಭಾಗದ ಪಾಲಿಗೆ ಬರುತ್ತೇನೆ. ದನ ಎಂಬುದು ಧನ ಎಂಬುದರ ತದ್ಭವವೆಂದು ನೀವು ವ್ಯಾಕರಣದಲ್ಲಿ ಓದಿದ್ದೀರಿ. ತುರುಗೋಳಿನಲ್ಲಿ ದನಗಳನ್ನು ಬಿಡಿಸಲು ಹೋಗಿ ಮಡಿದವರ ವೀರಗಲ್ಲುಗಳನ್ನು ಶಾಸನಶಾಸ್ತ್ರದ ತರಗತಿಯಲ್ಲಿ ನೋಡಿದ್ದೀರಿ. ಕನ್ನಡ ಶಾಸನಗಳನ್ನು ಬರೆಯಿಸಿದ ಕದಂಬರು ಆಳಿದ ನೆಲವಿದು. ದನಕ್ಕಾಗಿ ಸತ್ತವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ ಭಾಷೆ ನಮ್ಮದು. ಆದರೆ ಹೊಗೆಯಿಂದ ದನಕ್ಕೆ ಬರುವ ಕೆಮ್ಮಿಗೆ, ಬೆಂದು ಕಳಚುವ ಗೊರಸಿಗೆ, ಹುಳಿಯಾಗದೆ ಕಪ್ಪಾದ ಮಾಂಸಕ್ಕೆ ನಮ್ಮ ಪಠ್ಯದ ಕನ್ನಡದಲ್ಲಿ ಮಾತುಗಳಿಲ್ಲ. ಮಾತು ಇಲ್ಲವೆಂದಲ್ಲ, ನಾವು ಕೇಳಿಲ್ಲ. ಅವು ಗವಳಿಯ ಮರಾಠಿಯಲ್ಲಿ, ಸಂತೆಯ ಕೊಂಕಣಿಯಲ್ಲಿ, ಬಾಗಲಕೋಟೆಯ ಕನ್ನಡದಲ್ಲಿ, ಮಾಂಸದಂಗಡಿಯವನ ನಾಲಗೆಯಲ್ಲಿ ಇದ್ದೇ ಇರುತ್ತವೆ. ಹೆಸರಿಲ್ಲದ ನಷ್ಟವನ್ನು ಯಾವ ಗುಮಾಸ್ತನೂ ಕಡತದಲ್ಲಿ ಬರೆಯಲಾರ. ಹೆಸರನ್ನು ಹುಡುಕಿ ಕೊಡುವುದು ಭಾಷೆ ಕಲಿಯುವವರ ಕೆಲಸ.

ವಿದ್ಯಾರ್ಥಿ ಮಿತ್ರರೇ, ಈ ಬೇಸಿಗೆಯ ಕ್ಷೇತ್ರಕಾರ್ಯಕ್ಕೆ ಜಾನಪದ ಗೀತೆಗಳನ್ನೇ ಹುಡುಕಬೇಕೆಂದಿಲ್ಲ. ನಿಮ್ಮಲ್ಲಿ ನಾಲ್ಕೈದು ಜನ ಸತ್ತರಿಗೆ, ಸಾಂಗೆಗೆ ಹೋಗಿ. ದೊಡ್ಡಿಯ ಹಿರಿಯರ ಮುಂದೆ ಕುಳಿತು, ಬೆಂಕಿ ಬಂದ ವರ್ಷ ಯಾವ ದನಕ್ಕೆ ಏನಾಯಿತು, ಯಾವುದನ್ನು ಏಕೆ ಮಾರಿದಿರಿ, ಎಷ್ಟಕ್ಕೆ ಮಾರಿದಿರಿ ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ತಿದ್ದಬೇಡಿ, ಶಿಷ್ಟಗೊಳಿಸಬೇಡಿ. ಬಂದುದನ್ನು ಈ ಪತ್ರದ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸೋಣ. ಒಂದು ಪ್ರತಿಯನ್ನು ಪಶುಸಂಗೋಪನಾ ಇಲಾಖೆಗೂ ಕಳಿಸೋಣ.

ನನ್ನ ವಿದ್ಯಾರ್ಥಿನಿ ಈಗ ಪದವಿ ಮುಗಿಸಿದ್ದಾಳೆ. ಮನೆಯಲ್ಲಿ ಏಳು ಎಮ್ಮೆಗಳು ಉಳಿದಿವೆಯಂತೆ. ಮಾರಿದ ನಾಲ್ಕರ ಹೆಸರುಗಳನ್ನು ನಾನು ಕೇಳಿ ಬರೆದಿಟ್ಟುಕೊಂಡಿದ್ದೇನೆ: ಗಂಗಿ, ಕಾಳಿ, ಮುರಿಗೊಂಬಿನಾಕಿ, ಸಣ್ಣಾಕಿ. ಸದ್ಯಕ್ಕೆ ಅವುಗಳ ಲೆಕ್ಕವನ್ನು ಬರೆದದ್ದು ಇಲ್ಲಿ ಮಾತ್ರ.